ನೆರಳಿಲ್ಲದ ದೀಪಕ್ಕೊಂದು ನೆರಳು

ಜೂನ್ 12

ಮಾಮಾ,

ಫೋನ್ ಬಿಟ್ಟು ಕಾಗದ ಯಾಕೆ ಹಿಡಿದಳು ಅಂತ ಹುಬ್ಬೇರಿಸಬೇಡ. ಫೋನ್ ಮಾಡಿದರೆ ನಾನು ಬಾಯಿ ತೆರೆಯುವ ಮೊದಲೇ ಅಮ್ಮ "ಊಟ ಆಯ್ತಾ, ನಿದ್ದೆ ಬಂತಾ, ಚರ್ಮದ ಡಾಕ್ಟರಾಗು ಅಂದ್ರೆ ಕೇಳಿದ್ಯಾ" ಅಂತ ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳುತ್ತಾಳೆ. ಪಕ್ಕದಲ್ಲೇ ಕೂತ ಅವಳ ತಮ್ಮ, ಅಂದರೆ ನಿನ್ನ ಪಾಲಿಗೆ ಉಳಿಯುವುದು ನನ್ನ "ಹೂಂ, ಇಡ್ತೀನಮ್ಮ" ಅಷ್ಟೇ. ಈ ಕಾಗದ ನಿನಗೊಬ್ಬನಿಗೆ. ಅದಕ್ಕೇ ಮನೆಯ ವಿಳಾಸ ಬಿಟ್ಟು ವಾಚ್ ರಿಪೇರಿ ಅಂಗಡಿಯ ವಿಳಾಸ ಬರೆದಿದ್ದೇನೆ.

ಮಾಮಾ, ನಾನು ಇವತ್ತು ಕತ್ತಿ ಹಿಡಿದೆ! ಒಬ್ಬ ಲಾರಿ ಡ್ರೈವರನ ಬೆನ್ನಿನ ಮೇಲೆ ನಿಂಬೆಹಣ್ಣಿನ ಗಾತ್ರದ ಕೀವುಗಡ್ಡೆ. ಸರ್ಜರಿ ವಿಭಾಗಕ್ಕೆ ಸೇರಿ ಹನ್ನೆರಡು ದಿನ ನಾನು ಮಾಡಿದ್ದು ಕೊಕ್ಕೆ ಹಿಡಿದು ಗಾಯ ಅಗಲಿಸುವ ಕೆಲಸ. ಇವತ್ತು ನಮ್ಮ ಮುಖ್ಯಸ್ಥರು, ನಾವೆಲ್ಲ ಬೆನ್ನ ಹಿಂದೆ ಗರುಡ ಅನ್ನುವವರು, "ನೀನೇ ಮಾಡು" ಅಂದರು. ಮಾಡಿದೆ! ಡ್ರೈವರ್ ಎದ್ದು ಕೂತು "ಡಾಕ್ಟ್ರೇ, ಟನ್ ಭಾರ ಇಳಿಸಿದ ಹಾಗಾಯ್ತು" ಅಂದ. ವಾರ್ಡಿನ ಉದ್ದಕ್ಕೂ ನಾನು ನೆಲದ ಮೇಲೆ ನಡೆಯಲಿಲ್ಲ.

ಈಗ ಗುಟ್ಟು. ನಿನ್ನೆ ದೊಡ್ಡ ಆಪರೇಷನ್ನಿನಲ್ಲಿ, ಹೊಟ್ಟೆಯ ಆಳದಲ್ಲಿ, ಒಂದು ದಾರದ ತುದಿ ಹಿಡಿ ಅಂದರು. ಚಿಮಟ ಹಾಕಿದೆ. ಸಿಕ್ಕಿದ್ದು ಗಾಳಿ. ಮತ್ತೆ ಹಾಕಿದೆ. ಮತ್ತೆ ಗಾಳಿ. ಮೂರನೆಯದಕ್ಕೆ ಸಿಕ್ಕಿತು. ನನ್ನ ಎಡಗಣ್ಣಿನ ಕಥೆ ನಿನಗೆ ಗೊತ್ತೇ ಇದೆ. ದಿನಾ ಹಾಜರಿ ಹಾಕುತ್ತದೆ, ಕೆಲಸ ಮಾಡುವುದಿಲ್ಲ. ಎರಡು ಕಣ್ಣೂ ಸೇರಿ ದುಡಿದರೆ ಮಾತ್ರ ಯಾವುದು ಹತ್ತಿರ ಯಾವುದು ದೂರ ಅನ್ನುವುದು ತಟ್ಟನೆ ಹೊಳೆಯುವುದು. ಮೆಟ್ಟಿಲು, ಬಸ್ಸು, ಬಾಗಿಲು ಎಲ್ಲ ನಾನು ಅಭ್ಯಾಸಬಲದಲ್ಲಿ ದಾಟಿಕೊಂಡು ಬಂದಿದ್ದೇನೆ. ಆದರೆ ಹೊಟ್ಟೆಯ ಒಳಗೆ ಮೆಟ್ಟಿಲಿಲ್ಲವಲ್ಲ.

ನೀನು ಒಂದೇ ಕಣ್ಣಿಗೆ ಆ ಐಗ್ಲಾಸು ಸಿಕ್ಕಿಸಿಕೊಂಡು, ಇನ್ನೊಂದನ್ನು ಮುಚ್ಚಿ, ಸಾಸಿವೆಗಿಂತ ಸಣ್ಣ ಸ್ಕ್ರೂ ಕೂರಿಸುತ್ತೀಯ. ಹೇಗೆ? ಎಲ್ಲಾ ಬರಿ. ಇಲ್ಲಿ ನನ್ನ ಕಣ್ಣಿನ ವಿಷಯ ಯಾರೂ ಎತ್ತುವುದಿಲ್ಲ, ಅದರ ಚಿಂತೆ ಬೇಡ.

ಅಮ್ಮನಿಗೆ ಉಸಿರೆತ್ತಬೇಡ.

ನಿನ್ನ
ಸೆಕೆಂಡು ಮುಳ್ಳು


ಜೂನ್ 20

ನಿಲ್ಲದ ಸೆಕೆಂಡು ಮುಳ್ಳಿಗೆ,

ಇಲ್ಲಿ ಎಲ್ಲ ಗಡಿಯಾರಗಳೂ ಕ್ಷೇಮ. ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿವೆ, ನಾನು ಯಾರಿಗೂ ಬೇಸರವಾಗದಂತೆ ಎಲ್ಲವನ್ನೂ ನಂಬುತ್ತಿದ್ದೇನೆ.

ನಿನ್ನ ಕಾಗದ ಓದಿ ಎದುರಿಗಿದ್ದ ಗಿರಾಕಿಯ ಕೈ ಹಿಡಿದು ಕುಲುಕಿಬಿಟ್ಟೆ. ಅವರು ವಾಚಿಗೆ ಬೆಲ್ಟ್ ಹಾಕಿಸಲು ಬಂದವರು. "ನಮ್ಮ ಹುಡುಗಿ ಮನುಷ್ಯನನ್ನ ಕೊಯ್ದಳು!" ಅಂದೆ. ಅವರು ಬೆಲ್ಟ್ ಬೇಡ ಅಂತ ಹೋದರು.

ಇರಲಿ, ಪಾಠಕ್ಕೆ ಬಾ. ನಾನು ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗುವವರೆಗೆ ಅಂತ ಅಪ್ಪನ ಈ ಅಂಗಡಿಯಲ್ಲಿ ಕೂತವನು. ಕೆಲಸ ಸಿಗಲಿಲ್ಲ, ಕೂತದ್ದು ಉಳಿಯಿತು. ಮೊದಲ ತಿಂಗಳು ನಾನೂ ನಿನ್ನ ಹಾಗೇ ಗಾಳಿ ಹಿಡಿದವನೇ. ಅಪ್ಪ ಬೈದು ಹೇಳಿದ್ದು ಇಷ್ಟು: "ಚಿಮಟ ನೋಡಬೇಡ, ಅದರ ನೆರಳು ನೋಡು." ಮೇಜಿನ ದೀಪವನ್ನು ನೇರ ತಲೆಯ ಮೇಲೆ ಇಡಬೇಡ, ಓರೆಗೆ ಇಡು. ಚಿಮಟ ಕೆಳಗಿಳಿಯುತ್ತಾ ಹೋದಂತೆ ಅದರ ನೆರಳು ಅದರತ್ತ ಜಾರಿಕೊಂಡು ಬರುತ್ತದೆ. ತುದಿಯೂ ನೆರಳೂ ಮೂಗಿಗೆ ಮೂಗು ತಾಗಿದ ಜಾಗವೇ ತಳ. ಅಲ್ಲಿ ಹಿಡಿ. ನೆರಳು ಸುಳ್ಳು ಹೇಳುವುದಿಲ್ಲ, ಅದಕ್ಕೆ ಅಷ್ಟು ಬುದ್ಧಿಯಿಲ್ಲ.

ಅದೂ ಸಾಲದಿದ್ದರೆ ತಲೆಯನ್ನು ಕೂದಲೆಳೆಯಷ್ಟು ಅಲುಗಿಸು. ಹತ್ತಿರದ್ದು ಓಡುತ್ತದೆ, ದೂರದ್ದು ನಿಂತು ನೋಡುತ್ತದೆ. ಎರಡೂ ಕೈಕೊಟ್ಟರೆ ಮೊದಲು ತಳವನ್ನು ಮೆಲ್ಲಗೆ ಮುಟ್ಟು, ಮುಟ್ಟಿದ ಮೇಲೆ ವಾಪಸ್ ಬಾ. ಹೋಗುತ್ತಾ ಹುಡುಕಬೇಡ, ಬರುತ್ತಾ ಹಿಡಿ. ಕೈ ನಿಧಾನ, ಕೆಲಸ ಪ್ರಧಾನ.

ಇದರ ಜೊತೆಗೆ ಒಂದು ಪೊಟ್ಟಣ ಕಳಿಸಿದ್ದೇನೆ. ಉದ್ದ ಕತ್ತಿನ ತಗಡಿನ ಡಬ್ಬಿ, ನನ್ನ ಹಳೆಯ ಚಿಮಟ, ಕೆಟ್ಟ ಅಲಾರಂ ಗಡಿಯಾರದ ಸ್ಕ್ರೂಗಳು. ಡಬ್ಬಿಯ ತಳದಲ್ಲಿ ಸ್ಕ್ರೂ ಹಾಕು, ತೆಗೆ, ಹಾಕು, ತೆಗೆ. ಐದು ವರ್ಷದವಳಿದ್ದಾಗ ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿಕೊಂಡು, ಅಂಗಡಿಯ ಸ್ಟೂಲಿನ ಮೇಲೆ ಕೂತು, ದಿನವಿಡೀ ನನ್ನ ಕೈ ನೋಡುತ್ತಿದ್ದವಳು ನೀನು. ಅರ್ಧ ಪಾಠ ಆಗಲೇ ಆಗಿರಬೇಕು. ಅದಿರಲಿ.

ನಿನ್ನ ಮಾಮ

ತಾ.ಕ.: ಸುಮ್ಮನೆ ಕೇಳುತ್ತಿದ್ದೇನೆ, ಅಂಗಡಿಗೆ ಬರುವ ಒಬ್ಬರು ಕೇಳಿದರು. ಆ ಪಟ್ಟಿ ಕಟ್ಟುವ ಚಿಕಿತ್ಸೆಯಿಂದ ನಿಜವಾಗಿ ಏನಾದರೂ ಆಗುತ್ತದೆಯೇ, ಇಲ್ಲಾ ಬರೀ ಡಾಕ್ಟರರ ಸಮಾಧಾನಕ್ಕೋ?


ಜುಲೈ 9

ಮಾಮಾ ಮಾಮಾ ಮಾಮಾ,

ಡಬ್ಬಿ ಕೆಲಸ ಮಾಡಿತು! ಹಾಸ್ಟೆಲ್ ರೂಮಿನ ಮೇಜಿನ ದೀಪ ಓರೆ ಮಾಡಿ, ದಿನಕ್ಕೆ ನೂರು ಸ್ಕ್ರೂ. ಮೊದಲ ವಾರ ನೂರಕ್ಕೆ ಮೂವತ್ತು ಗಾಳಿ. ಮೂರನೇ ವಾರ ಮೂರು! ಪಕ್ಕದ ರೂಮಿನವಳು ನಾನು ಗಡಿಯಾರ ಕದ್ದು ಬಿಚ್ಚುತ್ತಿದ್ದೇನೆ ಅಂದುಕೊಂಡಿದ್ದಾಳೆ.

ಆದರೆ ನಿನ್ನ ಪಾಠವನ್ನು ಥಿಯೇಟರಿಗೆ ಒಯ್ದ ದಿನ ನಾನು ಮಾಸ್ಕಿನೊಳಗೆ ನಕ್ಕುಬಿಟ್ಟೆ. ಅಲ್ಲಿಯ ದೀಪ ನೋಡಿದ್ದೀಯಾ? ದೊಡ್ಡ ತಟ್ಟೆಯಂಥದ್ದು, ಅದರೊಳಗೆ ಐವತ್ತು ಕಣ್ಣು, ಎಲ್ಲ ದಿಕ್ಕಿನಿಂದ ಬೆಳಕು. ಅದನ್ನು ಮಾಡಿರುವುದೇ ನೆರಳು ಬೀಳದಿರಲಿ ಅಂತ. ನೆರಳು ನೋಡು ಅಂದೆ ನೀನು, ಇಲ್ಲಿ ನೆರಳನ್ನು ಸಾಯಿಸಲು ಸಾವಿರಾರು ವ್ಯಾಟು! ಇಂಥ ತಟ್ಟೆ ಎರಡಿವೆ. ನಾನು ಏನು ಮಾಡಿದೆ ಹೇಳು? ಆಪರೇಷನ್ ಶುರುವಾಗುವ ಮೊದಲು, ಯಾರೂ ಇಲ್ಲದಾಗ, ಒಂದನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿ, ಇನ್ನೊಂದನ್ನು ಓರೆ ಮಾಡಿಟ್ಟೆ. ಬಿತ್ತು ನೋಡು ನೆರಳು! ತೆಳ್ಳಗೆ, ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ. ನಾಲ್ಕು ದಾರ, ನಾಲ್ಕೂ ಮೊದಲ ಸಲಕ್ಕೇ. ಥಿಯೇಟರಿನ ದೊಡ್ಡ ಸಿಸ್ಟರ್ ಮಾತ್ರ ದೀಪವನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. "ಇದನ್ಯಾರಪ್ಪ ಸೊಟ್ಟ ಮಾಡಿದ್ದು" ಅಂತ ಗೊಣಗಿದರು. ನಾನು ಕೈ ತೊಳೆಯಲು ಹೋದೆ, ಎರಡನೇ ಸಲ.

ನಿನ್ನ ತಾ.ಕ.ಗೆ ಉತ್ತರ: ಖಂಡಿತ ಆಗುತ್ತದೆ. ಚೆನ್ನಾಗಿರುವ ಕಣ್ಣನ್ನು ಮುಚ್ಚಿಬಿಟ್ಟರೆ ಸೋಮಾರಿ ಕಣ್ಣು ಬೇರೆ ದಾರಿಯಿಲ್ಲದೆ ದುಡಿಯುತ್ತದೆ. ಐದಾರು ವಯಸ್ಸಿನಲ್ಲಿ ದಿನಾ ಕಟ್ಟಿದರೆ ಬಹಳ ಮಕ್ಕಳಿಗೆ ದೃಷ್ಟಿ ಬರುತ್ತದೆ. ನನಗೆ ಬರಲಿಲ್ಲ, ಅಷ್ಟೇ. ಪಾಪ ಅಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಇವತ್ತಿಗೂ "ನಾನೇ ಎಲ್ಲೋ ಸಡಿಲ ಕಟ್ಟಿದ್ದೆ" ಅಂತ ಕೊರಗುತ್ತಾಳೆ. ಅಂಗಡಿಗೆ ಬಂದವರ ಮಗುವಿಗೆ ತಡ ಮಾಡಬೇಡಿ ಅಂತ ಹೇಳು.

ಬೇಗ ಬರಿ. ನೆರಳಿನ ಎರಡನೇ ಪಾಠ ಬೇಕು.

ಸೆ. ಮುಳ್ಳು


ಆಗಸ್ಟ್ 5

ಮಾಮಾ,

ಏನು, ಊರಿನ ವಾಚುಗಳೆಲ್ಲ ಒಟ್ಟಿಗೆ ನಿಂತುಹೋದವಾ? ಇಪ್ಪತ್ತೇಳು ದಿನದಿಂದ ಒಂದಕ್ಷರ ಇಲ್ಲ. ಸರಿ, ನಿನಗೆ ಪುರುಸೊತ್ತಿಲ್ಲ. ಆದರೆ ಇದನ್ನು ಹೇಳದಿದ್ದರೆ ನಾನು ಒಡೆದುಹೋಗುತ್ತೇನೆ.

ಈಗ ಎಷ್ಟೋ ಆಪರೇಷನ್ನು ಹೊಟ್ಟೆ ಸೀಳದೆ, ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು, ಟಿವಿ ಪರದೆ ನೋಡಿಕೊಂಡು ಮಾಡುತ್ತಾರೆ. ಅದರ ಅಭ್ಯಾಸಕ್ಕೆ ಒಂದು ಪೆಟ್ಟಿಗೆ ಇದೆ. ಎರಡು ತೂತು, ಎರಡು ಉದ್ದ ಇಕ್ಕಳ, ಒಳಗೆ ಗೂಟ, ಗೂಟಕ್ಕೆ ರಬ್ಬರ್ ಉಂಗುರ. ಪರದೆ ನೋಡುತ್ತಾ ಆರು ಉಂಗುರವನ್ನು ಈ ಗೂಟದಿಂದ ಆ ಗೂಟಕ್ಕೆ ಹಾಕಬೇಕು. ನಿನ್ನೆ ಸ್ಪರ್ಧೆ ಇಟ್ಟರು. ನಮ್ಮ ತಂಡದಲ್ಲಿ ಆರಡಿ ಅಂತ ಒಬ್ಬನಿದ್ದಾನೆ, ಎತ್ತರವೂ ಆರಡಿ, ಗರ್ವವೂ ಆರಡಿ. ಅವನು ಗೂಟದ ಹಿಂದೆ ಗಾಳಿ ಹಿಡಿದ, ಮುಂದೆ ಗಾಳಿ ಹಿಡಿದ, ನಾಲ್ಕು ನಿಮಿಷ ತಗೊಂಡ. ಉಳಿದವರೂ ಹಾಗೇ, ಎಲ್ಲರಿಗೂ ಬೆವರು.

ನಾನು ಎಷ್ಟು ಹೇಳು. ಒಂದು ನಿಮಿಷ ನಲವತ್ತು ಸೆಕೆಂಡ್!

ಯಾಕೆ ಗೊತ್ತಾ? ಪರದೆ ಚಪ್ಪಟೆ ಮಾಮಾ! ಅದರಲ್ಲಿ ಯಾರಿಗೂ ಆಳ ಕಾಣುವುದಿಲ್ಲ. ಪರದೆಯ ಮುಂದೆ ಎಲ್ಲರೂ ಒಕ್ಕಣ್ಣರೇ! ಅವರು ಆ ಲೋಕಕ್ಕೆ ನಿನ್ನೆ ಕಾಲಿಟ್ಟವರು, ನಾನು ಇಪ್ಪತ್ತೇಳು ವರ್ಷದಿಂದ ಅಲ್ಲಿಯ ನಿವಾಸಿ. ಗರುಡ ಬಂದು ಗಡಿಯಾರ ನೋಡಿ, "ಎಲ್ಲಿ ಕಲಿತೆ?" ಅಂದರು. "ವಾಚ್ ರಿಪೇರಿ ಅಂಗಡೀಲಿ ಸರ್" ಅಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. "ವಿಳಾಸ ಕೊಡು, ಇವರನ್ನೂ ಕಳಿಸ್ತೀನಿ" ಅಂದರು.

ಇಷ್ಟು ಖುಷಿಯಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ನನ್ನ ಕಣ್ಣಿನ ವಿಷಯ ಯಾರೂ ಎತ್ತುವುದಿಲ್ಲ ಅಂದಿದ್ದೆನಲ್ಲ, ಯಾಕೆಂದರೆ ಯಾರಿಗೂ ಗೊತ್ತಿಲ್ಲ. ಸೇರುವಾಗ ಕಣ್ಣಿನ ಪರೀಕ್ಷೆ ಇತ್ತು. ಒಂದು ದಪ್ಪ ಹಾಳೆಯಲ್ಲಿ ದೊಡ್ಡ ನೊಣದ ಚಿತ್ರ. ಒಂದು ಥರದ ಕನ್ನಡಕ ಹಾಕಿ ನೋಡಿದರೆ ಎರಡು ಕಣ್ಣಿನವರಿಗೆ ಅದರ ರೆಕ್ಕೆ ಹಾಳೆಯಿಂದ ಮೇಲೆದ್ದು ಕಾಣುತ್ತದಂತೆ. "ರೆಕ್ಕೆ ಹಿಡೀರಿ" ಅನ್ನುತ್ತಾರೆ. ಕಂಡವರು ಗಾಳಿಯಲ್ಲಿ ಚಿವುಟುತ್ತಾರೆ. ನನಗೆ ನೊಣ ಹಾಳೆಗೆ ಅಂಟಿಕೊಂಡೇ ಇತ್ತು. ಆದರೆ ಈ ಪರೀಕ್ಷೆಯ ಬಗ್ಗೆ ಪುಸ್ತಕದಲ್ಲಿ ಓದಿದ್ದೆ. ಎರಡಂಗುಲ ಮೇಲೆ ಗಾಳಿಯನ್ನು ಚಿವುಟಿದೆ. "ಸರಿ" ಅಂತ ಗುರುತು ಹಾಕಿದರು.

ಎಡಗಣ್ಣಿಗೆ ಅಕ್ಷರ ಓದಿಸಿದಾಗಲೂ ಸಾಲುಗಳು ಬಾಯಿಪಾಠ ಆಗಿದ್ದವು. ಅಕ್ಟೋಬರಿನಲ್ಲಿ ವರ್ಷದ ತಪಾಸಣೆ, ಮತ್ತೆ ಅದೇ ನೊಣ. ಮತ್ತೆ ಚಿವುಟಿದರಾಯಿತು. ಅಲ್ಲವಾ?

ಸೆ. ಮುಳ್ಳು


ಆಗಸ್ಟ್ 13

ಕೂಸೇ,

ಉಂಗುರದ ಸುದ್ದಿ ಓದಿ ತುಂಬ ಸಂತೋಷವಾಯಿತು.

ನೊಣದ ವಿಷಯ ಹೇಳಿಬಿಡು. ನಿಮ್ಮ ಗರುಡರಿಗೇ ಹೇಳು. ಗಿರಾಕಿ ವಾಚು ಬಿಚ್ಚಿ ನಮ್ಮ ಕೈಗೆ ಕೊಡುವುದು ಒಳಗೆ ಏನಿದೆ ಅಂತ ಅವನಿಗೆ ಕಾಣದೇ ಇರುವುದರಿಂದ. ನಿನ್ನ ಮೇಜಿನ ಮೇಲೆ ಮಲಗುವವರಂತೂ ಕಣ್ಣನ್ನೂ ಮುಚ್ಚಿರುತ್ತಾರೆ. ಅವರಿಗೆ ತಿಳಿಯದ್ದು ನಿಮ್ಮ ದೊಡ್ಡವರಿಗಾದರೂ ತಿಳಿದಿರಬೇಕು.

ಇಷ್ಟೇ. ಇವತ್ತು ಪ್ರಾಸ ಬರುತ್ತಿಲ್ಲ.

ಮಾಮ


ಆಗಸ್ಟ್ 18

ಮಾಮಾ,

ನೀನೂ ಅಮ್ಮನ ಪಕ್ಷ ಸೇರಿದೆಯಾ? ತಿಂಗಳುಗಟ್ಟಲೆ ಕಾಯಿಸಿ ಕೊಟ್ಟದ್ದು ಎಂಟು ಸಾಲಿನ ಉಪದೇಶ! ಹೇಳಿದರೆ ಏನಾಗುತ್ತದೆ ಗೊತ್ತಾ? "ಪಾಪ" ಅನ್ನುತ್ತಾರೆ. ಆಮೇಲೆ ಚರ್ಮದ ವಿಭಾಗಕ್ಕೆ ಒಂದು ಚೀಟಿ ಬರೆಯುತ್ತಾರೆ. ಅಲ್ಲಿಗೆ ಮುಗಿಯಿತು. ಈ ಮೂರು ತಿಂಗಳಲ್ಲಿ ನಾನು ಎಷ್ಟು ಸಂತೋಷವಾಗಿದ್ದೇನೆ ಅಂತ ನಿನಗೊಬ್ಬನಿಗೇ ಬರೆದಿದ್ದು. ಬೆಳಿಗ್ಗೆ ಏಳಕ್ಕೆ ಕೈ ತೊಳೆಯುವಾಗ ಬೀಳುವ ನೀರಿನ ಸದ್ದು ಕೇಳಿದರೂ ನನ್ನ ಎದೆ ಕುಣಿಯುತ್ತದೆ. ಅದನ್ನು ಕೊಟ್ಟುಬಿಡಲಾ?

ನಿನಗೆ ಹೇಳುವುದು ಸುಲಭ. ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತವನು ನೀನು, ಎಲ್ಲ ಬಯಲು. ಯಾರಿಂದಲಾದರೂ ಏನನ್ನಾದರೂ ಒಂದು ದಿನ ಮುಚ್ಚಿಟ್ಟಿದ್ದರೆ ನಿನಗೂ ತಿಳಿಯುತ್ತಿತ್ತು.

(ಸಹಿ ಇಲ್ಲ. ಸಿಟ್ಟು ಬಂದಿದೆ.)


ಆಗಸ್ಟ್ 24

ಮಗಳೇ,

ಒಂದು ದಿನ ಅಲ್ಲ, ಇಪ್ಪತ್ತೆರಡು ವರ್ಷ ಮುಚ್ಚಿಟ್ಟಿದ್ದೇನೆ. ನಾಲ್ಕು ಕಾಗದ ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ನಿನಗೆ ಐದು ವರ್ಷ. ನಿಮ್ಮಮ್ಮ ಶಾಲೆಯಲ್ಲಿ ಪಾಠ ಮಾಡಲು ಹೋಗುವಾಗ ನಿನ್ನನ್ನು ಅಂಗಡಿಗೆ ಬಿಡುತ್ತಿದ್ದಳು. ಬಿಡುವ ಮೊದಲು ನಿನ್ನ ಬಲಗಣ್ಣಿಗೆ, ಚೆನ್ನಾಗಿರುವ ಕಣ್ಣಿಗೆ, ಪಟ್ಟಿ ಕಟ್ಟುತ್ತಿದ್ದಳು. ನೀನು ಮೇಜಿಗೆ ಡಿಕ್ಕಿ ಹೊಡೆಯುತ್ತಿದ್ದೆ, ಅಳುತ್ತಿದ್ದೆ. ನನಗೆ ಆಗ ಇಪ್ಪತ್ನಾಲ್ಕು. ಹೊಸದಾಗಿ ಕಲಿತ ಕಸುಬು, ತಲೆತುಂಬ ಅದೇ. ಸೋತ ಸ್ಪ್ರಿಂಗಿಗೆ ಕೀ ಕೊಡಬಾರದು, ಬಿಚ್ಚಿ ವಿಶ್ರಾಂತಿಗೆ ಇಡಬೇಕು ಅಂತ ಅಪ್ಪ ಹೇಳಿಕೊಟ್ಟಿದ್ದರು. ನಾನು ಯೋಚಿಸಿದೆ: ಸೋತಿರುವುದು ಎಡಗಣ್ಣು, ಕಟ್ಟಿರುವುದು ಬಲಗಣ್ಣಿಗೆ. ಡಾಕ್ಟರು ಹೇಳಿದ್ದನ್ನು ಅಕ್ಕ ಉಲ್ಟಾ ಕೇಳಿಸಿಕೊಂಡಿದ್ದಾಳೆ. ಅವಳನ್ನು ಕೇಳಿದರೆ "ನಿಂಗೇನೋ ಗೊತ್ತು" ಅಂತಾಳೆ.

ಅವಳು ಬೀದಿಯ ತಿರುವು ದಾಟಿದ ಕೂಡಲೇ ಪಟ್ಟಿಯನ್ನು ಬಿಚ್ಚಿ ಎಡಗಣ್ಣಿಗೆ ಕಟ್ಟಿದೆ. ನೀನು ಅಳು ನಿಲ್ಲಿಸಿದೆ. ನಕ್ಕೆ. ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿರಲಿಲ್ಲ. ಸಂಜೆ ಅವಳು ಬರುವ ಹೊತ್ತಿಗೆ ಮತ್ತೆ ಬಲಕ್ಕೆ. ಹೀಗೆ ಹನ್ನೊಂದು ತಿಂಗಳು. ಸೋಮಾರಿ ಕಣ್ಣಿಗೆ ನಾನು ಹಾಸಿಗೆ ಹಾಸಿಕೊಟ್ಟೆ.

ಆಮೇಲೆ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಅಕ್ಕನಿಗೆ ಬೈದರು. "ನೀವು ಸರಿಯಾಗಿ ಕಟ್ಟಿಲ್ಲಮ್ಮ. ಚೆನ್ನಾಗಿರೋ ಕಣ್ಣು ಮುಚ್ಚಿದ್ರೆ ತಾನೇ ಇದು ಎಚ್ಚರ ಆಗೋದು" ಅಂದರು. ನಾನು ಬಾಗಿಲ ಹತ್ತಿರ ನಿನ್ನ ಚಪ್ಪಲಿ ಹಿಡಿದುಕೊಂಡು ನಿಂತಿದ್ದೆ. ಆಗ ನನಗೆ ತಿಳಿಯಿತು. ಅಕ್ಕ ಅಳುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ.

ನಿನ್ನನ್ನು ತಾ.ಕ.ದಲ್ಲಿ ಕೇಳಿದ್ದು ನಾನೇ, ಯಾವ ಗಿರಾಕಿಯೂ ಅಲ್ಲ. ಚಿಕಿತ್ಸೆಯಿಂದ ಏನೂ ಆಗುವುದಿಲ್ಲ ಅಂತ ನೀನು ಬರೆಯುತ್ತೀಯ ಅನ್ನುವ ಆಸೆ. ನೀನು ಡಾಕ್ಟರಾಗಿ ಉತ್ತರ ಬರೆದೆ.

ಇದಾದ ಮೇಲೂ ನಿನಗೆ ಹೇಳುವುದು ಅದೇ. ಗರುಡರಿಗೆ ಹೇಳು. ಮುಚ್ಚಿಟ್ಟವನ ಅನುಭವದ ಮಾತು.

ಮಾಮ


ಸೆಪ್ಟೆಂಬರ್ 29

ಮಾಮ,

ಮೂವತ್ತಾರು ದಿನ ಆಯಿತು. ನಿನ್ನ ಕಾಗದವನ್ನು ಬೂಟಿನ ಡಬ್ಬಿಯಲ್ಲಿ ಇಟ್ಟಿದ್ದೆ. ಮೇಜಿನ ಮೇಲೆ ಇಡಲು ಮನಸ್ಸಾಗಲಿಲ್ಲ, ಹರಿಯಲೂ ಆಗಲಿಲ್ಲ.

ಓದಿದ ದಿನ ಬಲಗಣ್ಣಿಗೆ ಕರ್ಚೀಫು ಕಟ್ಟಿಕೊಂಡು ರೂಮಿನಲ್ಲಿ ಓಡಾಡಿದೆ. ಎಡಗಣ್ಣಿನ ಜಗತ್ತು ಒದ್ದೆ ಗಾಜಿನ ಆಚೆಗಿನದು. ಅದು ಸ್ವಚ್ಛವಾಗಿರಬಹುದಿತ್ತು ಅಂತ ಮೊದಲ ಸಲ ಯೋಚಿಸಿದೆ. ನಿನ್ನ ಡಬ್ಬಿಯನ್ನು ಗೋಡೆಗೆ ಎಸೆದೆ. ಅದರ ಕತ್ತು ಸ್ವಲ್ಪ ನೆಗ್ಗಿದೆ. ನಿನಗೆ ಸಮಾಧಾನವಾಗಲಿ ಅಂತ "ಪರವಾಗಿಲ್ಲ ಮಾಮಾ" ಅಂತ ಬರೆಯಲಾರೆ. ಪರವಾಗಿದೆ.

ಆದರೆ ಹತ್ತನೇ ದಿನ ಗರುಡರ ಕೋಣೆಯ ಬಾಗಿಲು ತಟ್ಟಿದೆ. ನಿನ್ನ ಹಾಗೆ ಇಪ್ಪತ್ತೆರಡು ವರ್ಷ ಚಪ್ಪಲಿ ಹಿಡಿದು ನಿಲ್ಲಲು ನನ್ನಿಂದ ಆಗುವುದಿಲ್ಲ ಅನಿಸಿತು. ಎಲ್ಲ ಹೇಳಿದೆ. ಕಣ್ಣು, ನೊಣ, ಗಾಳಿ ಚಿವುಟಿದ್ದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ತಿಂಗಳಿಂದ ನನ್ನ ಥಿಯೇಟರಿನ ದೀಪ ಸೊಟ್ಟ ಮಾಡ್ತಿರೋ ದೆವ್ವ ನೀನೇನಾ?"

"ಹೌದು ಸರ್."

"ಯಾಕೆ?"

"ನೆರಳು ಬೇಕು ಸರ್."

ಅವರು ಎದ್ದು ಕಿಟಕಿಯ ಹತ್ತಿರ ನಿಂತರು. "ಸುಳ್ಳಿಗೆ ಶಿಕ್ಷೆ ಬೇರೆ, ಕಣ್ಣಿಗೆ ಪರೀಕ್ಷೆ ಬೇರೆ" ಅಂದರು. ನಿನ್ನ ಮೇಲಿನ ಸಿಟ್ಟಿನಲ್ಲೂ, ಮಾಮಾ, ಪ್ರಾಸ ಕಿವಿಗೆ ಬಿತ್ತು! ಶಿಕ್ಷೆ ಆರು ವಾರ. ಕತ್ತಿ ಮುಟ್ಟುವ ಹಾಗಿಲ್ಲ, ವಾರ್ಡಿನಲ್ಲಿ ಡ್ರೆಸ್ಸಿಂಗ್ ಮಾತ್ರ. ಪರೀಕ್ಷೆ ಎರಡು. ಮೊದಲನೆಯದು ಆಳವಾದ ಕೊಳವೆಯ ತಳದಲ್ಲಿ ಅಯಸ್ಕಾಂತಕ್ಕೆ ಅಂಟಿಸಿದ ಕೊಕ್ಕೆಗೆ ಗಂಟು ಹಾಕುವುದು. ದಾರ ಎಳೆಯುವಾಗ ಕೊಕ್ಕೆ ಮೇಲೇಳಬಾರದು. ಅದರಲ್ಲಿ ಗೆದ್ದರೆ ಅಕ್ಟೋಬರ್ 20ಕ್ಕೆ ನಿಜವಾದ ಆಪರೇಷನ್, ಅವರು ಎದುರಿಗೆ ನಿಂತು ನೋಡುತ್ತಾರೆ. "ಒಂದು ಸಲ ತಡವರಿಸಿದ್ರೂ ಕೈ ನಂದು, ಕತ್ತಿ ನಂದು. ಆಮೇಲೆ ನೀನು ಬೇರೆ ವಿಭಾಗ ನೋಡ್ಕೋ" ಅಂದರು.

"ಪಾಪ" ಅನ್ನಲಿಲ್ಲ ಮಾಮಾ! ಒಂದು ಸಲವೂ ಅನ್ನಲಿಲ್ಲ!

ನೆಗ್ಗಿದ ಡಬ್ಬಿಯಲ್ಲೇ ದಿನಾ ಇನ್ನೂರು ಗಂಟು ಹಾಕುತ್ತಿದ್ದೇನೆ. ಮೊದಲ ಪರೀಕ್ಷೆ ನಿನ್ನೆ ಆಯಿತು. ಐವತ್ತು ಗಂಟಿಗೆ ಕೊಕ್ಕೆ ಎದ್ದದ್ದು ಒಂದೇ ಸಲ. ಆರಡಿಗೆ ಒಂಬತ್ತು ಸಲ ಎದ್ದಿತ್ತಂತೆ.

ಈಗ ನಿನ್ನ ಸರದಿ. ಹೇಳು ಅಂದೆ, ನಾನು ಹೇಳಿದೆ. ನೀನು ಅಮ್ಮನಿಗೆ ಹೇಳು. ನನ್ನ ಕಣ್ಣಿನ ಸಿಟ್ಟು ನಾನು ಹೇಗೋ ನೋಡಿಕೊಳ್ಳುತ್ತೇನೆ. ಅವಳು ಮಾಡದ ತಪ್ಪಿಗೆ ಅತ್ತದ್ದನ್ನು ನೀನೇ ನೋಡಿಕೊಳ್ಳಬೇಕು.

ಸೆಕೆಂಡು ಮುಳ್ಳು


ಅಕ್ಟೋಬರ್ 8

ನಿಂತು ಮತ್ತೆ ನಡೆದ ಮುಳ್ಳಿಗೆ,

ಅಕ್ಷರ ಸಾಲು ಬಿಟ್ಟು ಓಡಿದ್ದರೆ ಕ್ಷಮಿಸು. ನನ್ನ ಬಲಗಣ್ಣಿಗೆ ಕಪ್ಪುಬಟ್ಟೆ ಕಟ್ಟಿದೆ. ಕಟ್ಟಿದವಳು ನಿಮ್ಮಮ್ಮ.

ಭಾನುವಾರ ಬೆಳಿಗ್ಗೆ ಅವಳು ಬಟ್ಟೆ ಮಡಚುತ್ತಿದ್ದಾಗ ಹೇಳಿದೆ. ಕುಳಿತು ಹೇಳಲು ಧೈರ್ಯ ಬರದೆ ನಿಂತೇ ಹೇಳಿದೆ. ಅವಳು ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ಬಂತು ನೋಡು.

"ಇಪ್ಪತ್ತೆರಡು ವರ್ಷ ನನ್ನ ಕೈಗೆ ನಾನೇ ಶಾಪ ಹಾಕ್ಕೊಂಡಿದ್ದೀನಲ್ಲೋ! ನೀನು ಪಕ್ಕದಲ್ಲೇ ಕೂತು ಟೀ ಕುಡೀತಿದ್ದೆಯಲ್ಲೋ! ಬಿಸ್ಕತ್ತು ಬೇರೆ ಅದ್ದಿಕೊಂಡು!"

"ತಪ್ಪಾಯ್ತು ಅಕ್ಕ."

"ತಪ್ಪಲ್ಲ ಕಣೋ ಅದು. ತಪ್ಪು ಹನ್ನೊಂದು ತಿಂಗಳಿನದು. ಆಮೇಲಿಂದೆಲ್ಲ ಕಳ್ಳತನ."

ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಅಂಗಡಿಗೇ ಬಂದಳು, ಹಳೆಯ ಕೊಡೆಯ ಬಟ್ಟೆ ಕತ್ತರಿಸಿ ತಂದಿದ್ದಳು. ನಾನು ಐಗ್ಲಾಸು ಸಿಕ್ಕಿಸುವ ಕಣ್ಣಿಗೇ ಬಿಗಿಯಾಗಿ ಕಟ್ಟಿದಳು. "ಸಂಜೆವರೆಗೂ ಬಿಚ್ಚಕೂಡದು. ನನ್ನ ಕಟ್ಟು ಸಡಿಲ ಇರಲ್ಲ ಅಂತ ಈಗಲಾದ್ರೂ ಗೊತ್ತಾಗಲಿ" ಅಂದಳು. ಸ್ಟೂಲಿನ ಮೇಲೆ ಕೂತಳು, ನೀನು ಕೂರುತ್ತಿದ್ದ ಸ್ಟೂಲು. ಹೋಗಲೇ ಇಲ್ಲ, ಕಾವಲು.

ಬಂದ ಗಿರಾಕಿಗಳೆಲ್ಲ "ಏನಾಯ್ತು?" ಅಂದರು. "ಹಳೇ ರಿಪೇರಿ" ಅಂದೆ. ಲೋಟಕ್ಕೆ ನೀರು ಬಗ್ಗಿಸಿದರೆ ಮೇಜಿಗೆ ಬಿತ್ತು. ಅಕ್ಕ ಕಿಸಕ್ಕನೆ ನಕ್ಕಳು. ನಕ್ಕದ್ದಕ್ಕೆ ತಾನೇ ಸಿಟ್ಟು ಮಾಡಿಕೊಂಡು ಮೇಜು ಒರೆಸಿದಳು. ಒರೆಸುತ್ತಾ ಕೇಳಿದಳು, "ಅವಳು ಇಷ್ಟು ವರ್ಷ ಹೀಗೇ ನೀರು ಬಗ್ಗಿಸ್ತಿದ್ದಳೇನೋ? ಒಂದು ದಿನವೂ ಚೆಲ್ಲಿದ್ದು ನಾನು ನೋಡಿಲ್ಲವಲ್ಲ." "ಲೋಟದ ಅಂಚಿಗೆ ತಂಬಿಗೆ ತಾಗಿಸಿ ಬಗ್ಗಿಸ್ತಾಳೆ ಅಕ್ಕ. ಮೊದಲು ಮುಟ್ತಾಳೆ" ಅಂದೆ. ಅವಳು ತಂಬಿಗೆ ಎತ್ತಿ, ಲೋಟದ ಅಂಚಿಗೆ ತಾಗಿಸಿ, ತಾನೂ ಬಗ್ಗಿಸಿದಳು.

ಅವಳ ಆಜ್ಞೆ ಇದು, ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ: "ಕೊಯ್ಯೋ ಡಾಕ್ಟರೇ ಆಗಲಿ. ಇನ್ನು ಚರ್ಮ ಗಿರ್ಮ ಅಂತ ಯಾರಾದ್ರೂ ಅಂದ್ರೆ ನಾನು ಸುಮ್ನಿರಲ್ಲ."

ಅಂದವರು ಯಾರು ಅಂತ ನಾನು ಕೇಳಲಿಲ್ಲ. ಒಂದೇ ಕಣ್ಣು ಉಳಿದಿತ್ತು.

ಇಪ್ಪತ್ತನೇ ತಾರೀಖು ಅಂಗಡಿ ಮುಚ್ಚಿರುತ್ತದೆ. ನಾನು ಗಡಿಯಾರಗಳ ನಡುವೆ ಕೂತು ಕಾಯುತ್ತೇನೆ. ಹೋಗುತ್ತಾ ಹುಡುಕಬೇಡ, ಬರುತ್ತಾ ಹಿಡಿ.

ಮಾಮ


ಅಕ್ಟೋಬರ್ 24

ಮಾಮಾ, ಅಮ್ಮಾ (ಈ ಸಲ ಇಬ್ಬರಿಗೂ, ಜೋರಾಗಿ ಓದಿ),

ಇಪ್ಪತ್ತರ ಸಂಜೆ ಫೋನಿನಲ್ಲಿ ನಾನು ಕಿರುಚಿದ್ದು ಬಿಟ್ಟರೆ ಏನೂ ಕೇಳಿಸಿರಲಿಕ್ಕಿಲ್ಲ. ಈಗ ಸಾವಧಾನವಾಗಿ ಬರೆಯುತ್ತೇನೆ. ಸಾವಧಾನ ಸುಳ್ಳು!

ರೋಗಿ ಒಬ್ಬ ಬಸ್ ಕಂಡಕ್ಟರ್. ಅಪೆಂಡಿಕ್ಸ್. ಹೊಟ್ಟೆ ದಪ್ಪ, ಅದಕ್ಕೇ ಆಳ. ನನ್ನ ಕಣ್ಣಿನ ವಿಷಯ ಗರುಡ ಅವನಿಗೆ ಮೊದಲೇ ನನ್ನ ಎದುರಿಗೇ ಹೇಳಿದರು. "ನೀವು ಪಕ್ಕದಲ್ಲಿ ಇರ್ತೀರಲ್ಲ ಸಾರ್? ರೈಟ್ ರೈಟ್" ಅಂದ. ಗರುಡ ಎದುರಿಗೆ ನಿಂತು ಎರಡು ಕೈಯನ್ನೂ ಎದೆಯ ಮೇಲೆ ಮಡಚಿದರು.

ಹೊಟ್ಟೆ ತೆರೆದೆ, ಅಪೆಂಡಿಕ್ಸ್ ಹಿಂದೆ ಅವಿತಿತ್ತು, ಹುಡುಕಿ ಮೇಲೆ ತಂದೆ. ಅದಕ್ಕೆ ರಕ್ತ ಒಯ್ಯುವ ನಾಳಕ್ಕೆ ಗಂಟು ಹಾಕಿ ಕತ್ತರಿಸಿದೆ. ಗಂಟು ಜಾರಿತು.

ಕೆಂಪು ತುಂಬಿಕೊಂಡಿತು ಮಾಮಾ. ಎಲ್ಲ ಒಂದೇ ಬಣ್ಣ, ಒಂದೇ ಮಟ್ಟ, ಮೇಲೇನು ಕೆಳಗೇನು ಅಂತ ಎರಡು ಕಣ್ಣಿನವರಿಗೂ ತಿಳಿಯದ ಹಾಗೆ. ಬೆರಳಿಟ್ಟು ಒತ್ತಿದೆ. ತಳ ಮುಟ್ಟಿದೆ. ರಕ್ತ ಹೀರಿ ತೆಗೆದರು. ಈಗ ಬೆರಳು ಎತ್ತಬೇಕು, ಎತ್ತಿದ ಕ್ಷಣ ಆ ತುದಿಯನ್ನು ಹಿಡಿಯಬೇಕು, ಒಂದೇ ಸಲಕ್ಕೆ. ದೀಪ ನೇರ ನೆತ್ತಿಯ ಮೇಲಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ದೀಪ ತಾನಾಗಿ ಓರೆಯಾಯಿತು.

"ಹೀಗೆ ತಾನೇ ಬೇಕು ನಿಂಗೆ?" ಅಂದರು ದೊಡ್ಡ ಸಿಸ್ಟರ್.

ನೆರಳು ಬಿತ್ತು. ಬೆರಳು ಎತ್ತಿದೆ. ಇಕ್ಕಳ ಇಳಿಯಿತು, ನೆರಳು ಅದರತ್ತ ಜಾರಿ ಬಂತು, ಮೂಗಿಗೆ ಮೂಗು ತಾಗಿತು. ಹಿಡಿದೆ. ಮತ್ತೆ ಗಂಟು ಹಾಕಿದೆ, ಪರೀಕ್ಷೆಯ ಕೊಕ್ಕೆಯೂ ಮೇಲೇಳದಷ್ಟು ಹಗುರವಾಗಿ. ಗರುಡರ ಕೈ ಎರಡು ಸಲ ಮುಂದೆ ಬಂದಿತ್ತಂತೆ, ಎರಡು ಸಲವೂ ವಾಪಸ್ ಹೋಯಿತಂತೆ. ನಾನು ನೋಡಿಯೇ ಇಲ್ಲ. ಮುಗಿದ ಮೇಲೆ ಕೈಗವಸು ಕಳಚುತ್ತಾ ಅವರು ಅಂದದ್ದು ಇಷ್ಟೇ: "ನಾಳೆ ಇನ್ನೊಂದಿದೆ. ಬಾ." ಕಂಡಕ್ಟರ್ ಮೂರನೇ ದಿನ ನಡೆದುಕೊಂಡು ಮನೆಗೆ ಹೋದ.

ಗರುಡ ಒಂದು ಪತ್ರ ಬರೆದುಕೊಟ್ಟಿದ್ದಾರೆ. ಸೂಕ್ಷ್ಮದರ್ಶಕದ ಕೆಳಗೆ ಕೂದಲಿನಂಥ ನಾಳಗಳನ್ನು ಜೋಡಿಸುವ ಸರ್ಜರಿ ನನಗೆ ಇಲ್ಲ. ಉಳಿದದ್ದಕ್ಕೆ ಅಡ್ಡಿಯಿಲ್ಲ, ವರ್ಷಕ್ಕೊಮ್ಮೆ ಹಿರಿಯರು ನಿಂತು ನೋಡಬೇಕು. ಆ ಒಂದು ಬಾಗಿಲು ಮುಚ್ಚಿದ್ದು ನಿನ್ನ ಪಟ್ಟಿಯಿಂದ ಮಾಮಾ. ಮರೆತಿಲ್ಲ, ಮರೆಯುವುದೂ ಇಲ್ಲ. ಉಳಿದ ಬಾಗಿಲುಗಳ ಚಿಲಕ ಎಲ್ಲಿದೆ ಅಂತ ತೋರಿಸಿದವನೂ ನೀನೇ. ಎರಡನ್ನೂ ಒಂದೇ ಕಾಗದದಲ್ಲಿ ಬರೆಯುತ್ತಿದ್ದೇನೆ, ಅಮ್ಮ ಎರಡನ್ನೂ ಓದಲಿ.

ಇವತ್ತು ಬೆಳಿಗ್ಗೆ ವರ್ಷದ ತಪಾಸಣೆ ಇತ್ತು. ಅದೇ ಕೋಣೆ, ಅದೇ ಕನ್ನಡಕ, ಅದೇ ದಪ್ಪ ಹಾಳೆ. "ರೆಕ್ಕೆ ಹಿಡೀರಿ" ಅಂದರು. ಬೆರಳು ಅಭ್ಯಾಸಬಲದಿಂದ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಇಳಿಸಿದೆ, ಹಾಳೆ ತಾಗುವವರೆಗೆ. ತಣ್ಣಗೆ, ಚಪ್ಪಟೆ.

"ಇಲ್ಲಿದೆ" ಅಂದೆ.

ಅವರು ತಲೆಯೆತ್ತಿ ನೋಡಿದರು. ಗರುಡರ ಪತ್ರವನ್ನು ಮುಂದಿಟ್ಟೆ. ಓದಿ, ಏನೋ ಬರೆದುಕೊಂಡರು.

ನೊಣ ಏಳಲಿಲ್ಲ. ನಾನು ಎದ್ದೆ. ಹನ್ನೊಂದು ಗಂಟೆಗೆ ಆಪರೇಷನ್ ಇತ್ತು.

ಸೆಕೆಂಡು ಮುಳ್ಳು